ತೇಲುವ ಹಲಗೆಗೊಂದು ಮೂಗು

ಎಣ್ಣೆಯ ಡಬ್ಬಿಗೆ ಒಂದೇ ತೂತು ಹೊಡೆದು ಎಣ್ಣೆ ಬಗ್ಗಿಸಲು ಹೊರಟವರ ಪಾಡು ಎಲ್ಲರಿಗೂ ತಿಳಿದದ್ದೇ. ಎಣ್ಣೆ ಗಳಗಳನೆ ಒಂದಿಷ್ಟು ಸುರಿಯುತ್ತದೆ, ತಟ್ಟನೆ ನಿಲ್ಲುತ್ತದೆ; ಡಬ್ಬಿ ಒಮ್ಮೆ ಬಿಕ್ಕುತ್ತದೆ, ಮತ್ತೊಂದಿಷ್ಟು ಸುರಿದು ಕೈಮೇಲೆಲ್ಲ ಚೆಲ್ಲುತ್ತದೆ. ನಮ್ಮ ಮನೆಗಳ ಹೆಂಗಸರು ಯಾವ ಭೌತಶಾಸ್ತ್ರವನ್ನೂ ಓದದೆ ಇದಕ್ಕೆ ಮದ್ದು ಕಂಡುಕೊಂಡಿದ್ದಾರೆ. ಎದುರು ಮೂಲೆಯಲ್ಲಿ ಮೊಳೆಯಿಟ್ಟು ಇನ್ನೊಂದು ಸಣ್ಣ ತೂತು ಹೊಡೆಯುತ್ತಾರೆ. ಮೊದಲನೆಯದು ಎಣ್ಣೆಗೆ, ಎರಡನೆಯದು ಗಾಳಿಗೆ. ಆಮೇಲೆ ಎಣ್ಣೆ ದಾರದ ಹಾಗೆ ಇಳಿಯುತ್ತದೆ.

ಚರಿತ್ರೆಯ ಪುಸ್ತಕಗಳಲ್ಲಿ ಮೊದಲನೆಯ ತೂತಿಗೆ ಜಾಗ ಸಿಕ್ಕುತ್ತದೆ. ಎರಡನೆಯದಕ್ಕೆ ಸಿಕ್ಕುವುದು ಅಪರೂಪ. ಯಂತ್ರವನ್ನು ಕಟ್ಟಿದವನ ಹೆಸರು ಉಳಿದೀತು. ಅದು ಒಡೆದುಹೋಗದಂತೆ ಒಂದು ಮೂಲೆಯಲ್ಲಿ ಗಾಳಿಗೆ ದಾರಿ ಬಿಟ್ಟವನ ಹೆಸರು ಉಳಿಯುವುದಿಲ್ಲ. ಆ ಎರಡನೆಯ ತೂತಿನ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದಕ್ಕೆ ನಿಮಿತ್ತವಾದದ್ದು ಈಚೆಗೆ ನಮ್ಮ ನಾಡಿಗೆ ಬಂದಿರುವ ಒಂದು ನೀರಾಟದ ಸಾಮಾನು. ಸಾಕ್ಷಿ ನುಡಿದದ್ದು ಮಾತ್ರ ನಮ್ಮ ಶಿವಮೊಗ್ಗ, ಭದ್ರಾವತಿಗಳೇ.

ಮೂಲ್ಕಿಯ ಶಾಂಭವಿ ನದಿಯಲ್ಲಿ ಬೆಳಗಿನ ಹೊತ್ತು ಒಂದು ನೋಟ ಕಾಣಸಿಗುತ್ತದೆ. ಹತ್ತು ಹನ್ನೊಂದು ಅಡಿ ಉದ್ದದ, ಎರಡೂವರೆ ಅಡಿ ಅಗಲದ ಹಲಗೆಯೊಂದರ ಮೇಲೆ ಜನ ನೆಟ್ಟಗೆ ನಿಂತು, ಆಳೆತ್ತರದ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಸಾಗುತ್ತಾರೆ. ಇದಕ್ಕೆ ಸ್ಟ್ಯಾಂಡ್-ಅಪ್ ಪ್ಯಾಡಲ್ ಬೋರ್ಡ್ ಎಂದು ಹೆಸರು. ೨೦೨೪ರ ಮಾರ್ಚಿನಲ್ಲಿ ಮಂಗಳೂರಿನ ಬಳಿಯ ಸಸಿಹಿತ್ಲು ಕಡಲ ತೀರದಲ್ಲಿ ಈ ಆಟದ ಅಂತರರಾಷ್ಟ್ರೀಯ ಪಂದ್ಯವೇ ನಡೆಯಿತು. ಹೆಸರು ಉದ್ದವಾದ್ದರಿಂದ ನಾನು ಇಲ್ಲಿ ಸುಮ್ಮನೆ ಹಲಗೆ ಎನ್ನುತ್ತೇನೆ.

ಹಲಗೆ ಎಂದರೂ ಇದರಲ್ಲಿ ಮರ ಇರಲೇಬೇಕೆಂದಿಲ್ಲ. ಹೊಸ ಟಿ.ವಿ. ತಂದಾಗ ಪೆಟ್ಟಿಗೆಯ ಮೂಲೆಗಳಲ್ಲಿ ಸಿಕ್ಕುವ ಬಿಳಿಯ ಥರ್ಮೋಕೋಲ್ ಇದೆಯಲ್ಲ, ಅದರದೇ ಜಾತಿಯ ತಿರುಳು ಒಳಗೆ. ಅದರ ಮೇಲೆ ಗಾಜಿನ ನೂಲಿನ ಬಟ್ಟೆ ಹೊದಿಸಿ, ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ, ಕಲ್ಲಿನಂತೆ ಗಟ್ಟಿಮಾಡಿದ ಚರ್ಮ ಹೊರಗೆ. ತಿರುಳಿನಲ್ಲಿ ನೂರಕ್ಕೆ ತೊಂಬತ್ತೇಳು ತೊಂಬತ್ತೆಂಟು ಪಾಲು ಬರೀ ಗಾಳಿ. ಎಲ್ಲಿಯೂ ಒಂದು ಹನಿ ನೀರು ಹೋಗದಂತೆ ಇಷ್ಟು ಶ್ರದ್ಧೆಯಿಂದ ಮುಚ್ಚಿದ ಹಲಗೆಯ ಬೆನ್ನಮೇಲೆ, ಹಿಡಿಯ ಸಮೀಪದಲ್ಲಿ, ಬೇಕೆಂದೇ ಮಾಡಿದ ಒಂದು ತೂತು ಇದೆ. ಅದಕ್ಕೊಂದು ಪುಟ್ಟ ಬಿರಡೆ. ತೇಲಬೇಕಾದ ವಸ್ತುವಿಗೆ ತೂತು ಏಕೆ? ಪ್ರಶ್ನೆ ಸಹಜವಾದದ್ದೇ. ನಮ್ಮವರು ಇದೇ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದ್ದಾರೆ.

ಸೋರೆಬುರುಡೆಯಿಂದ ಡಬ್ಬಿಗೆ

ನಮ್ಮ ಹೊಳೆಗಳ ಹಳೆಯ ವಾಹನ ಹರಿಗೋಲು. ಬಿದಿರಿನ ಹೆಣಿಗೆ, ಮೇಲೆ ತೊಗಲು. ಬುಟ್ಟಿಯಂತೆ ಬಾಯಿ ತೆರೆದ ವಸ್ತು. ಅದರ ಗಾಳಿ ಆಕಾಶದ ಗಾಳಿಯೇ. ಬಿಸಿಲಿಗೆ ಹಿಗ್ಗಿದರೆ ಎದ್ದು ಹೋಗುತ್ತದೆ, ತಂಪಿಗೆ ಕುಗ್ಗಿದರೆ ಬಂದು ತುಂಬುತ್ತದೆ. ಆದ್ದರಿಂದ ಹರಿಗೋಲಿನವನಿಗೆ ನೀರಿನ ಚಿಂತೆ ಉಂಟು, ಗಾಳಿಯ ಚಿಂತೆ ಇಲ್ಲ.

ಗಾಳಿಯನ್ನು ಒಳಗಿಟ್ಟು ಬಾಯಿ ಕಟ್ಟಿದ ದಿನ ಚಿಂತೆ ಶುರುವಾಯಿತು. ಹಳ್ಳಿಯ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ಬುರುಡೆಯ ಸಿಪ್ಪೆ ಒಣ ನಾರು. ಬಿಸಿಲಿನಲ್ಲಿಟ್ಟರೆ ತನ್ನ ಮೈಯಿಂದಲೇ ಸ್ವಲ್ಪ ಸ್ವಲ್ಪವಾಗಿ ಉಸಿರಾಡಿಕೊಳ್ಳುತ್ತದೆ. ಆಮೇಲೆ ಸೀಮೆಎಣ್ಣೆಯ ಡಬ್ಬಿಗಳು ಬಂದವು. ನಾನು ಈಜು ಕಲಿತದ್ದು ಅಂಥದೊಂದು ಡಬ್ಬಿ ಕಟ್ಟಿಕೊಂಡು. ಬಾಯಿಗೆ ತಗಡಿನ ತುಂಡಿಟ್ಟು ಬೆಸುಗೆ ಹಾಕಿಸಿದ್ದರು. ಬಾವಿಕಟ್ಟೆಯ ಮೇಲೆ ಬಿಸಿಲಿಗೆ ಬಿದ್ದಿರುತ್ತಿದ್ದ ಆ ಡಬ್ಬಿ ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ‘ಡಬ್’ ಎಂದು ಸದ್ದು ಮಾಡಿ ಹೊಟ್ಟೆ ಉಬ್ಬಿಸುತ್ತಿತ್ತು. ನೀರಿಗೆ ಹಾಕಿದೊಡನೆ ಮತ್ತೆ ‘ಡಬ್’ ಎಂದು ಹೊಟ್ಟೆ ಒಳಗೆಳೆದುಕೊಳ್ಳುತ್ತಿತ್ತು. ಒಂದೆರಡು ತಿಂಗಳಲ್ಲಿ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು, ಡಬ್ಬಿಯನ್ನು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವುದು ಕೇಳಿಸುತ್ತಿತ್ತು. ಅಷ್ಟು ಸಣ್ಣ ಬಿರುಕಿನಲ್ಲಿ ಅಷ್ಟೊಂದು ನೀರು ಹೇಗೆ ಹೋಯಿತೆಂಬುದು ಮಕ್ಕಳಿಗೆಲ್ಲ ಸೋಜಿಗ.

ನೀರು ತಾನಾಗಿ ಹೋಗಿರಲಿಲ್ಲ. ಡಬ್ಬಿಯೇ ಅದನ್ನು ಹೀರಿಕೊಂಡಿತ್ತು. ಗಾಳಿಯನ್ನು ಅದುಮಿದರೆ ಅದರ ಒತ್ತಡ ಎಷ್ಟು ಏರುತ್ತದೆ ಎಂಬ ನಿಯಮವನ್ನು ೧೬೬೨ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ. ಕಾಯಿಸಿದರೆ ಎಷ್ಟು ಹಿಗ್ಗುತ್ತದೆ ಎಂಬುದನ್ನು ೧೮೦೨ರಲ್ಲಿ ಫ್ರಾನ್ಸಿನ ಗೇ-ಲುಸ್ಸಾಕ್ ಪ್ರಕಟಿಸಿದ. ಆತ ತನ್ನ ದೇಶದವನೇ ಆದ ಚಾರ್ಲ್ಸ್ ಇದನ್ನು ಮೊದಲೇ ಕಂಡಿದ್ದನೆಂದು ಒಪ್ಪಿಕೊಂಡದ್ದರಿಂದ ನಿಯಮಕ್ಕೆ ಚಾರ್ಲ್ಸನ ಹೆಸರೂ ಉಂಟು. ಇವರಿಬ್ಬರ ಲೆಕ್ಕವನ್ನು ನಮ್ಮ ಹಲಗೆಗೆ ಹಚ್ಚಿ ನೋಡೋಣ.

ಹಲಗೆಯ ಒಳಗೆ ಸುಮಾರು ೨೦೦ ಲೀಟರು ಗಾಳಿ ಇದೆ ಎನ್ನಿ. ಬೆಳಗ್ಗೆ ಅದರ ಶಾಖ ೨೫ ಡಿಗ್ರಿ. ಬೇಸಗೆಯಲ್ಲಿ ಕಾರಿನ ಮೇಲೆ ಕಟ್ಟಿ ನಿಲ್ಲಿಸಿದರೆ ಬಿಸಿಲಿಗೆ ೬೦ ಡಿಗ್ರಿ ಮುಟ್ಟುವುದು ಕಷ್ಟವಲ್ಲ. ಆಗ ಆ ೨೦೦ ಲೀಟರು ೨೨೩ ಲೀಟರು ಆಗಲು ಹವಣಿಸುತ್ತದೆ. ಒಂದು ಕೊಡಕ್ಕಿಂತ ಹೆಚ್ಚು ಗಾಳಿಗೆ ಒಳಗೆ ಜಾಗವಿಲ್ಲ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಚರ್ಮವನ್ನು ತಳ್ಳುತ್ತದೆ. ಪೂರ್ತಿ ಮುಚ್ಚಿದ ಹಲಗೆಯಾದರೆ ಒಂದು ಚದರ ಮೀಟರಿಗೆ ಸುಮಾರು ೧,೨೦೦ ಕಿಲೋ ಭಾರ ಬಿದ್ದಂತೆ. ಹಲಗೆಯ ಮೇಲ್ಮೈ ಎರಡು ಚದರ ಮೀಟರು ಎಂದರೂ ಎರಡು ಟನ್ನು ದಾಟಿತು! ತಿರುಳಿನ ಮಣಿಗಳೊಳಗಿನ ಗಾಳಿ ಎಲ್ಲ ಒಮ್ಮೆಗೇ ಕಾಯುವುದಿಲ್ಲವಾದ್ದರಿಂದ ನಿಜದ ಸಂಗತಿ ಇದಕ್ಕಿಂತ ಸೌಮ್ಯವಾಗಿರುತ್ತದೆ. ಆದರೂ ದಿಕ್ಕು ಅದೇ. ತಿರುಳಿಗೂ ಚರ್ಮಕ್ಕೂ ನಡುವೆ ಅಂಟು ಎಲ್ಲಿ ದುರ್ಬಲವೋ ಅಲ್ಲಿ ಚರ್ಮ ಬಿಟ್ಟುಕೊಂಡು, ಎಣ್ಣೆಯಲ್ಲಿ ಕರಿದ ಹಪ್ಪಳದಂತೆ ಗುಳ್ಳೆ ಏಳುತ್ತದೆ.

ಇನ್ನು ಆ ಕಾದ ಹಲಗೆಯನ್ನು ತಣ್ಣನೆಯ ನೀರಿಗೆ ಇಳಿಸಿದರೆ ಲೆಕ್ಕ ತಿರುಗುಮುರುಗು. ಒಳಗಿನ ಗಾಳಿ ಕುಗ್ಗುತ್ತದೆ, ಒಳಗೆ ಒತ್ತಡ ಇಳಿಯುತ್ತದೆ. ಎಲ್ಲಾದರೂ ಒಂದು ಗೀರು, ಕಲ್ಲಿಗೆ ತಾಗಿ ಬಿಟ್ಟ ಒಂದು ಬಿರುಕು ಇದ್ದರೆ ಅಲ್ಲಿಂದ ನೀರನ್ನು ಎಳೆದುಕೊಳ್ಳುತ್ತದೆ. ಬಾವಿಯ ಡಬ್ಬಿಯ ಸೋಜಿಗ ಇಷ್ಟೇ.

ಆಗುಂಬೆ ಘಾಟಿಯ ಲೆಕ್ಕ

ಗಾಳಿ ಹಿಗ್ಗಲು ಬಿಸಿಲೇ ಬೇಕೆಂದಿಲ್ಲ, ಬೆಟ್ಟ ಹತ್ತಿದರೂ ಸಾಕು. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು ೫೭೦ ಮೀಟರು ಎತ್ತರದಲ್ಲಿದೆ. ಮೂಲ್ಕಿಯಲ್ಲಿ ನಮ್ಮನ್ನು ಸುತ್ತ ಒತ್ತುವ ಗಾಳಿಗಿಂತ ಇಲ್ಲಿನ ಗಾಳಿಯ ಒತ್ತಡ ನೂರಕ್ಕೆ ಆರೂವರೆಯಷ್ಟು ಕಡಿಮೆ. ಕಡಲ ದಡದಲ್ಲಿ ಬಿರಡೆ ಬಿಗಿದ ಹಲಗೆಯನ್ನು ಕಾರಿನ ಮೇಲೆ ಕಟ್ಟಿ, ಸೋಮೇಶ್ವರದಿಂದ ಆಗುಂಬೆಯ ತಿರುವುಗಳನ್ನು ಹತ್ತಿಸಿ, ತೀರ್ಥಹಳ್ಳಿಯ ಮೇಲೆ ಶಿವಮೊಗ್ಗಕ್ಕೆ ತಂದರೆ, ಒಂದು ಡಿಗ್ರಿ ಶಾಖವೂ ಏರದೆ ಹಲಗೆಯ ಚರ್ಮದ ಮೇಲೆ ಚದರ ಮೀಟರಿಗೆ ೬೫೦ ಕಿಲೋಗೂ ಮಿಕ್ಕ ಒತ್ತಡ ಒಳಗಿನಿಂದ ಬೀಳಬಹುದು. ಘಾಟಿ ಹತ್ತುವಾಗ ನಮ್ಮ ಕಿವಿ ಕಟ್ಟಿ, ಎಂಜಲು ನುಂಗಿದರೆ ಬಿಡುತ್ತದೆ. ಹಲಗೆಗೆ ನುಂಗಲು ಬಾರದು. ಬಿಸಿಲೂ ಘಾಟಿಯೂ ಒಂದೇ ದಿನ ಕೂಡಿದರೆ ಕೇಳುವುದೇ ಬೇಡ.

ಇದು ಬರೀ ಕಾಗದದ ಲೆಕ್ಕವಲ್ಲ. ನನ್ನ ತಮ್ಮನ ಮಗ ಕರಾವಳಿಯಲ್ಲಿ ಯಾರದೋ ಬಳಸಿದ ಹಲಗೆಯನ್ನು ಕೊಂಡು, ಏಪ್ರಿಲಿನ ಒಂದು ದಿನ ಇದೇ ದಾರಿಯಲ್ಲಿ ತಂದ. ನಮ್ಮ ಮನೆಯ ಮುಂದೆ ಇಳಿಸಿದಾಗ ಅದರ ಬೆನ್ನಮೇಲೆ ಊಟದ ತಟ್ಟೆಯಗಲದ ಗುಳ್ಳೆ ಎದ್ದಿತ್ತು. ಹುಡುಗನ ಮುಖ ನೋಡಲಾಗದು. ಅವನು ಕೂಡಿಟ್ಟ ದುಡ್ಡೆಲ್ಲ ಅದರಲ್ಲಿತ್ತು. ನಮ್ಮ ಬೀದಿಯಲ್ಲಿ ಭದ್ರಾವತಿಯ ಎರಕದ ಕೆಲಸದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಗದ್ದಲ ಕೇಳಿ ಬಂದವರು ಹಲಗೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಸದ್ದು ಆಲಿಸಿ, “ಗಾಳಿ ಹೋಗೋಕೆ ದಾರಿ ಬಿಟ್ಟಿಲ್ಲ ಕಣಪ್ಪ. ಅಚ್ಚಿಗೆ ತಂತಿ ಚುಚ್ಚದೆ ಎರಕ ಹೊಯ್ದ ಹಾಗಾಗಿದೆ” ಎಂದರು.

“ಇದು ಎರಕ ಅಲ್ಲ ತಾತ, ಪ್ಲಾಸ್ಟಿಕ್ಕು” ಎಂದ ಹುಡುಗ.

“ಒಳಗೆ ಸಿಕ್ಕಿಬಿದ್ದ ಗಾಳಿಗೆ ಅದೆಲ್ಲಿ ಗೊತ್ತು, ಪ್ಲಾಸ್ಟಿಕ್ಕೋ ಕಬ್ಬಿಣವೋ ಅಂತ?” ಎಂದು ಅವರು ಹಲಗೆಯ ಮೇಲೆ ಕೈಯಾಡಿಸುತ್ತ ಹೋದರು. ಬಿರಡೆಯ ಜಾಗ ಸಿಕ್ಕಿತು. ಹಿಂದಿನ ಮಾಲೀಕ ಆ ತೂತನ್ನು ಕಂಡು ಹೆದರಿ, ನೀರು ನುಗ್ಗೀತೆಂಬ ಜಾಗ್ರತೆಯಿಂದ, ಕೊಳಾಯಿಯ ಸೋರಿಕೆಗೆ ಹಚ್ಚುವ ಅಂಟನ್ನು ಮೆತ್ತಿ, ಉಜ್ಜಿ, ಮೇಲೆ ಬಣ್ಣವನ್ನೂ ಬಳಿದಿದ್ದ. ಹಲಗೆಯನ್ನು ಕಾಪಾಡಲೆಂದೇ ಅದರ ಮೂಗು ಮುಚ್ಚಿದ್ದ.

ಬೆಂಕಿಪುರದ ಪಾಠ

ಆ ಹಿರಿಯರಿಗೆ ಹಲಗೆಯನ್ನು ಕಂಡ ಕ್ಷಣವೇ ರೋಗ ತಿಳಿದದ್ದು ಹೇಗೆಂಬುದಕ್ಕೆ ಭದ್ರಾವತಿಯ ಚರಿತ್ರೆಯೇ ಉತ್ತರ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ರೂಪುಗೊಂಡು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೨೩ರ ಜನವರಿಯಲ್ಲಿ ಕೆಲಸ ತೊಡಗಿದ ಕಾರ್ಖಾನೆ ಆ ಹಳೆಯ ಹೆಸರನ್ನು ಸಾರ್ಥಕಗೊಳಿಸಿತು. ಅದರ ಮೊದಲ ಹೆಸರು ಇಂದಿನ ಬಹುಮಂದಿಗೆ ನೆನಪಿಲ್ಲ: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಬ್ಬಿಣಕ್ಕಿಂತ ಮುಂಚೆ ಮರದ ಹೆಸರು. ಕೆಮ್ಮಣ್ಣುಗುಂಡಿಯ ಅದಿರು ಕೈಗೆಟುಕುವಷ್ಟು ಹತ್ತಿರ, ಸುತ್ತ ದಟ್ಟವಾದ ಕಾಡು. ಇಲ್ಲದ್ದು ಕಲ್ಲಿದ್ದಲು ಒಂದೇ. ಆದ್ದರಿಂದ ಕಾಡಿನ ಮರದಿಂದ ಇದ್ದಿಲು ಮಾಡಿ ಅದರಲ್ಲಿ ಅದಿರು ಕರಗಿಸುವುದೆಂದು ಗೊತ್ತಾಯಿತು.

ಮರವನ್ನು ಬಯಲಿನಲ್ಲಿ ಸುಟ್ಟರೆ ಬೂದಿ ಉಳಿಯುತ್ತದೆ. ರಿಟಾರ್ಟ್ ಎಂಬ ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿಟ್ಟು ಹೊರಗಿನಿಂದ ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಈ ಪಾತ್ರೆಗೆ ಎರಡು ಕಟ್ಟಳೆ. ಹೊರಗಿನ ಗಾಳಿ ಒಳಗೆ ಬರಕೂಡದು. ಬಂದರೆ ಇದ್ದಿಲಾಗಬೇಕಾದ್ದು ಉರಿದುಹೋದೀತು. ಒಳಗೆ ಹುಟ್ಟುವ ಹೊಗೆ, ಆವಿ ಒಳಗೇ ನಿಲ್ಲಕೂಡದು. ನಿಂತರೆ ಪಾತ್ರೆ ಸಿಡಿದೀತು. ಆದ್ದರಿಂದ ಆವಿಗೆ ಒಂದು ಕೊಳವೆಯ ದಾರಿ. ಆ ದಾರಿಯಲ್ಲಿ ಹೋಗುವುದನ್ನು ತಣಿಸಿದರೆ ಮರದ ಸ್ಪಿರಿಟು, ಅಸಿಟೇಟಿಗೆ ಬೇಕಾದ ಹುಳಿ, ಟಾರು. ಗಾಳಿಗೆ ಬಿಟ್ಟ ದಾರಿಯೇ ಕಾರ್ಖಾನೆಗೆ ಒಂದು ಆದಾಯವಾಯಿತು. ಒಂದನ್ನು ತಡೆದು ಇನ್ನೊಂದನ್ನು ಬಿಡುವ ಬಾಗಿಲು ಬೇಕು ಎಂಬುದೇ ಬೆಂಕಿಪುರದ ಮೊದಲ ಪಾಠ.

ಎರಡನೆಯ ಪಾಠ ಎರಕದ ಮನೆಯದು. ಎರಕ ಹೊಯ್ಯುವ ಅಚ್ಚು ಸಾಮಾನ್ಯವಾಗಿ ಮರಳಿನದು. ಮರಳು, ಜೇಡಿ, ಸ್ವಲ್ಪ ನೀರು ಇಷ್ಟನ್ನೂ ಕಲಸಿ, ಮಾದರಿಯ ಸುತ್ತ ಒತ್ತಿ ಒತ್ತಿ ತುಂಬುತ್ತಾರೆ. ಅದರೊಳಕ್ಕೆ ೧,೩೦೦ ಡಿಗ್ರಿಯ ಕಬ್ಬಿಣದ ರಸ ಬಿದ್ದಾಗ, ಅಲ್ಲಿದ್ದ ಗಾಳಿ ಹಿಗ್ಗುವುದು ಒಂದು ಕಡೆಗಿರಲಿ, ಮರಳಿನ ತೇವ ಆವಿಯಾಗಿ ತನ್ನ ಮೊದಲ ಗಾತ್ರದ ೧,೬೦೦ ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಮರಳಿನ ಸಂದುಗಳು ಸಾಲವು. ಅದಕ್ಕೇ ಮೋಲ್ಡರ್ ಒಂದು ತೆಳ್ಳನೆಯ ಉಕ್ಕಿನ ತಂತಿಯನ್ನು ಹಿಡಿದು ಅಚ್ಚಿನ ಬೆನ್ನಿಗೆ ಚುಚ್ಚುತ್ತ ಹೋಗುತ್ತಾನೆ. ಚುಚ್ಚು ಮಾದರಿಯ ತನಕ ಹೋಗಕೂಡದು. ಹೋದರೆ ಕಬ್ಬಿಣವೇ ಆ ದಾರಿ ಹಿಡಿದೀತು. ತೀರ ಮೇಲೆಯೂ ನಿಲ್ಲಕೂಡದು. ನಿಂತರೆ ಆವಿಗೆ ದಾರಿ ಸಿಕ್ಕದು. ಬೆರಳಷ್ಟು ಮರಳು ಉಳಿದಿರುವಾಗ ತಂತಿ ನಿಲ್ಲಬೇಕು. ಆ ಹದ ಕಣ್ಣಿಗೆ ಕಾಣುವಂಥದಲ್ಲ, ಕೈಗೆ ತಿಳಿಯುವಂಥದು. ಚುಚ್ಚದೆ ಬಿಟ್ಟರೆ ಎರಕದ ಹೊಟ್ಟೆಯಲ್ಲಿ ಗುಳ್ಳೆ. ಮೇಲೆ ನೋಡಲು ನುಣ್ಣಗೆ. ಯಂತ್ರಕ್ಕೆ ಕೂಡಿಸಿ ಭಾರ ಹಾಕಿದ ದಿನ ಎರಡು ಹೋಳು. ನಮ್ಮ ಬೀದಿಯ ಹಿರಿಯರು ತಟ್ಟಿ ಸದ್ದು ಕೇಳುವುದನ್ನು ಕಲಿತದ್ದು ಇಂಥ ಎರಕಗಳ ಮೇಲೆ.

ಮೂರನೆಯದು ಕೊಳವೆಯ ಪಾಠ. ಭದ್ರಾವತಿಯಲ್ಲಿ ಎರಕದ ಕಬ್ಬಿಣದ ಕೊಳವೆಗಳು ತಯಾರಾಗುತ್ತಿದ್ದವು. ಅಂಥ ಕೊಳವೆಗಳೇ ಊರುಗಳ ನೆಲದಡಿಯಲ್ಲಿ ಕುಡಿಯುವ ನೀರನ್ನು ಹೊತ್ತವು. ದಿಣ್ಣೆ ಹತ್ತಿ ಇಳಿಯುವ ಕೊಳವೆಯಲ್ಲಿ ದಿಣ್ಣೆಯ ನೆತ್ತಿಗೆ ಗಾಳಿ ಬಂದು ಕೂರುತ್ತದೆ. ಹಾಗೆ ಕೂತ ಗಾಳಿ ನೀರಿಗೆ ಅಡ್ಡ. ನೀರು ಬಿಟ್ಟು ಕೊಳವೆ ಬರಿದಾಗುವಾಗ ಗಾಳಿ ಒಳಗೆ ಬರದಿದ್ದರೂ ಆಪತ್ತು; ಒಳಗೆ ಬರಿದಾಗಿ, ತೆಳುವಾದ ಕೊಳವೆಯಾದರೆ ಹೊರಗಿನ ಗಾಳಿಯೇ ಅದನ್ನು ಹಿಚುಕಿ ಚಪ್ಪಟೆ ಮಾಡೀತು. ಆದ್ದರಿಂದ ನೆತ್ತಿಯಲ್ಲಿ ಏರ್ ವಾಲ್ವ್ ಇಡುತ್ತಾರೆ. ಅದರೊಳಗೆ ಒಂದು ತೇಲುವ ಚೆಂಡು. ಗಾಳಿ ಇದ್ದಾಗ ಚೆಂಡು ಕೆಳಗಿಳಿದು ಬಾಯಿ ತೆರೆದಿರುತ್ತದೆ. ನೀರು ಬಂದೊಡನೆ ಚೆಂಡು ತೇಲಿ ಬಾಯಿಗೆ ಒತ್ತಿಕೊಳ್ಳುತ್ತದೆ. ಗಾಳಿ ಎರಡೂ ಕಡೆ ಓಡಾಡಬಹುದು, ನೀರು ಹೊರಗೆ ಬರಲಾರದು. ಹಲಗೆಯ ಬಿರಡೆಗೂ ಬೇಕಾದ ಗುಣ ಇದೇ, ಅಲ್ಲಿ ನೀರು ಹೊರಗೆ ಎಂಬುದಷ್ಟೇ ವ್ಯತ್ಯಾಸ.

ಅಡುಗೆಮನೆಯ ಪ್ರೆಷರ್ ಕುಕ್ಕರೂ ಈ ವಂಶದ್ದೇ. ೧೬೭೯ರಲ್ಲಿ ಲಂಡನ್ನಿನಲ್ಲಿದ್ದ ಫ್ರೆಂಚ್ ವಿದ್ವಾಂಸ ದೆನಿ ಪಾಪೆ ಮೂಳೆಯನ್ನೂ ಮೆತ್ತಗೆ ಬೇಯಿಸುವ ಮುಚ್ಚಿದ ಪಾತ್ರೆಯನ್ನು ತೋರಿಸಿದ; ಅದು ಸಿಡಿಯದಂತೆ ತೂಕ ಹೇರಿದ ಕವಾಟವೊಂದನ್ನು ಅವನೇ ಕೂಡಿಸಿದ. ಇಂದಿಗೂ ನಮ್ಮ ಕುಕ್ಕರಿನ ಸೀಟಿ ಕೂಗುವುದು ಆ ಎರಡನೆಯ ತೂತಿನ ಬಾಯಿಂದ.

ಹವಾಯಿಯ ಟೊಳ್ಳು ಹಲಗೆ

ಭದ್ರಾವತಿಯಲ್ಲಿ ಮೊದಲ ಕುಲುಮೆ ಹೊತ್ತಿದ ಅದೇ ದಶಕದಲ್ಲಿ, ಪೆಸಿಫಿಕ್ ಸಾಗರದ ಹವಾಯಿ ದ್ವೀಪದಲ್ಲಿ ನಮ್ಮ ಹಲಗೆಯ ಕಥೆ ತಿರುವು ಪಡೆಯಿತು. ಅಲ್ಲಿನ ಜನ ಶತಮಾನಗಳಿಂದ ಇಡಿಯ ಮರದ ಹಲಗೆಯ ಮೇಲೆ ಅಲೆಯೇರಿ ಆಡಿದವರು. ಗಟ್ಟಿ ಮರಕ್ಕೆ ಉಸಿರಾಟದ ತೊಂದರೆ ಇಲ್ಲ, ಭಾರದ ತೊಂದರೆ ಮಾತ್ರ. ದೊಡ್ಡ ಹಲಗೆಯನ್ನು ಹೊರುವುದೇ ಒಂದು ಸಾಹಸ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಹುಟ್ಟಿದ ಟಾಮ್ ಬ್ಲೇಕ್ ಎಂಬ ಈಜುಗಾರ ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿದ್ದ ಪುರಾತನ ಹಲಗೆಗಳನ್ನು ಅಭ್ಯಾಸ ಮಾಡಿದ. ಭಾರ ಇಳಿಸಲು ಒಂದು ಗಟ್ಟಿ ಹಲಗೆಗೆ ನೂರಾರು ತೂತು ಕೊರೆದು, ಮೇಲೂ ಕೆಳಗೂ ತೆಳು ಮರವನ್ನು ಹೊದಿಸಿ ಮುಚ್ಚಿದ. ಆಮೇಲೆ ವಿಮಾನದ ರೆಕ್ಕೆಯಂತೆ ಒಳಗೆ ಅಡ್ಡಪಟ್ಟಿಗಳನ್ನಿಟ್ಟು ಪೂರ್ತಿ ಟೊಳ್ಳಾದ ಹಲಗ‍ೆಯನ್ನು ಕಟ್ಟಿದ. ೧೯೩೨ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಕಡಲ ತೀರದ ಜೀವರಕ್ಷಕರು ಇಂಥ ಹಲಗೆಗಳ ಮೇಲೆ ಹೋಗಿ ಎಷ್ಟೋ ಜನರನ್ನು ಎಳೆದು ತಂದರು.

ಹಲಗೆ ಹಗುರವಾಯಿತು; ಜೊತೆಯಲ್ಲೇ ಬಾವಿಕಟ್ಟೆಯ ಡಬ್ಬಿಯ ರೋಗವೂ ಅಂಟಿತು. ಸಂದುಗಳಲ್ಲಿ ನೀರು ಇಳಿಯತೊಡಗಿತು. ಅದನ್ನು ಬಸಿಯಲು ಟೊಳ್ಳು ಹಲಗೆಗೆ ಒಂದು ತೂತು, ತೂತಿಗೊಂದು ಬಿರಡೆ ಬಂತು. ದಡಕ್ಕೆ ಬಂದೊಡನೆ ಬಿರಡೆ ಬಿಚ್ಚಿ ಹಲಗೆಯನ್ನು ಎತ್ತಿ ಹಿಡಿದರೆ ನೀರು ಸುರಿಯುತ್ತದೆ. ಬಿಚ್ಚಿಯೇ ಇಟ್ಟರೆ ಒಳಗೆ ಒಣಗುತ್ತದೆ, ಬಿಸಿಲಿಗೆ ಒಡೆಯುವುದೂ ಇಲ್ಲ. ಇಂದಿನ ಗಾಳಿಬಿರಡೆಗೆ ಇದನ್ನು ಅಜ್ಜ ಎನ್ನಬಹುದು.

೧೯೫೦ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಪಾಲಿಯುರಿಥೇನ್ ಎಂಬ ನೊರೆಯ ತಿರುಳು ಬಂದು ಮರವನ್ನು ಹಿಂದಕ್ಕೆ ತಳ್ಳಿತು. ಅದರ ಗುಳ್ಳೆಗಳು ಬಹಳ ಸಣ್ಣವು, ಒಂದಕ್ಕೊಂದು ಸಂಬಂಧವಿಲ್ಲದವು; ಆದ್ದರಿಂದ ಬಿರಡೆಯ ಗರಜು ಅಷ್ಟಾಗಿ ಬೀಳಲಿಲ್ಲ. ಆದರೆ ೨೦೦೦ದ ಸುಮಾರಿಗೆ ಹವಾಯಿಯಲ್ಲಿ ನಿಂತು ಹುಟ್ಟು ಹಾಕುವ ಆಟ ಹೊಸದಾಗಿ ಹಬ್ಬಿದಾಗ, ಆಳನ್ನು ನಿಂತಂತೆಯೇ ಹೊರುವಷ್ಟು ದೊಡ್ಡ ಹಲಗೆಗಳು ಬೇಕಾದವು. ಅಷ್ಟು ದೊಡ್ಡದನ್ನು ಹಗುರವಾಗಿ ಮಾಡಲು ಥರ್ಮೋಕೋಲಿನ ತಿರುಳೇ ಮೇಲು. ಥರ್ಮೋಕೋಲೆಂದರೆ ಅವಲಕ್ಕಿ ಉಂಡೆಯಂತೆ ಮಣಿಗೆ ಮಣಿ ಅಂಟಿ ಆದದ್ದು. ಮಣಿಗಳ ನಡುವಿನ ಸಂದುಗಳಲ್ಲಿ ಗಾಳಿ ಓಡಾಡುತ್ತದೆ, ಸಿಕ್ಕಿದರೆ ನೀರೂ ಓಡಾಡುತ್ತದೆ. ಅಜ್ಜನ ಬಿರಡೆ ಹೀಗೆ ಮತ್ತೆ ಬೇಕಾಯಿತು.

ಬಿರಡೆಯ ಎರಡು ಜಾತಿ

ಇಂದಿನ ಬಿರಡೆಗಳಲ್ಲಿ ಎರಡು ಜಾತಿ. ಮೊದಲನೆಯದು ತಿರುಪಿನ ಬಿರಡೆ. ಹಲಗೆಯಲ್ಲಿ ಹುದುಗಿಸಿದ ಒಂದು ತಿರುಪಿನ ಗೂಡು; ಅದಕ್ಕೆ ಕೂರುವ ಮೊಳೆ; ಮೊಳೆಯ ಕೊರಳಿಗೆ ರಬ್ಬರಿನ ಒಂದು ಬಳೆ. ಬಿಗಿದಾಗ ಈ ಬಳೆ ಅದುಮಿ ಕೂತು ನೀರನ್ನು ತಡೆಯುತ್ತದೆ. ಇಂಥ ಬಳೆಗೆ ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್ಸೆನ್ ೧೯೩೯ರಲ್ಲಿ ಪೇಟೆಂಟ್ ಪಡೆದ. ಈ ಜಾತಿಯ ಬಿರಡೆಗೆ ಬುದ್ಧಿ ಇಲ್ಲ, ಬುದ್ಧಿ ಮಾಲೀಕನಿಗಿರಬೇಕು. ನೆಲದ ಮೇಲೆ, ಅದರಲ್ಲೂ ಬಿಸಿಲಿನಲ್ಲಿ, ಘಾಟಿಯಲ್ಲಿ, ವಿಮಾನದಲ್ಲಿ ಬಿಚ್ಚಿರಬೇಕು, ನೀರಿಗಿಳಿಯುವಾಗ ಬಿಗಿದಿರಬೇಕು. ಕಾದ ಹಲಗೆಯಾದರೆ ನೆರಳಿನಲ್ಲಿ ಸ್ವಲ್ಪ ತಣಿಸಿ, ಆಮೇಲೆ ಬಿಗಿದು ಇಳಿಸುವುದು ಲೇಸು.

ಎರಡನೆಯದು ತಾನೇ ಉಸಿರಾಡುವ ಬಿರಡೆ. ಇದರೊಳಗೆ ನಾಣ್ಯಕ್ಕಿಂತ ಸಣ್ಣದಾದ ಒಂದು ಬಿಳಿಯ ಪೊರೆ ಇದೆ. ೧೯೩೮ರಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ ಆಕಸ್ಮಿಕವಾಗಿ ಸಿಕ್ಕಿದ ಜಾರುವ ವಸ್ತು ಟೆಫ್ಲಾನ್. ದೋಸೆಯ ಅಂಟದ ಕಾವಲಿಯಿಂದಾಗಿ ಅದು ಎಲ್ಲರಿಗೂ ಪರಿಚಿತ. ೧೯೬೯ರಲ್ಲಿ ಬಾಬ್ ಗೋರ್ ಎಂಬಾತ ಅದರ ಕಾದ ಸರಳುಗಳನ್ನು ನಿಧಾನವಾಗಿ ಎಳೆದು ನೋಡುತ್ತಿದ್ದ, ಸರಳುಗಳು ತುಂಡಾಗುತ್ತಿದ್ದವು. ಬೇಸರದಿಂದ ಒಂದನ್ನು ಫಕ್ಕನೆ ಜಗ್ಗಿದ. ತುಂಡಾಗಲಿಲ್ಲ, ಹಲವು ಪಟ್ಟು ಉದ್ದವಾಗಿ ಎಳೆದುಕೊಂಡು, ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರಗಳ ವಸ್ತುವಾಯಿತು. ಗೋರ್-ಟೆಕ್ಸ್ ಎಂಬ ಮಳೆಯಂಗಿಯ ಬಟ್ಟೆ ಹುಟ್ಟಿದ್ದು ಅದರಿಂದ. ಹಲಗೆಯ ಪೊರೆಯೂ ಅದೇ ಬಗೆಯದು.

ಇದರ ಮರ್ಮ ಮಲೆನಾಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕೆಸುವಿನ ಎಲೆಯ ಮೇಲೆ ನೀರು ಹರಡದೆ ಮುತ್ತಾಗಿ ನಿಲ್ಲುತ್ತದೆ. ಕಂಬಳಿಯ ಕೊಪ್ಪೆ ಹಾಕಿಕೊಂಡು ನಾಟಿಗೆ ಹೋದವನ ಮೈಗೆ ಗಾಳಿಯಾಡುತ್ತದೆ, ಮಳೆ ಬಹಳ ಹೊತ್ತು ಇಳಿಯುವುದಿಲ್ಲ. ನೀರು ತನ್ನ ಮೈಯನ್ನು ತಾನೇ ಬಿಗಿಹಿಡಿದುಕೊಳ್ಳುವ ಸ್ವಭಾವದ್ದು. ತನಗೆ ಒಲಿಯದ ವಸ್ತುವಿನಲ್ಲಿರುವ ಅತಿ ಸಣ್ಣ ರಂಧ್ರದೊಳಕ್ಕೆ ಅದು ನುಸುಳಲಾರದು. ಗಾಳಿಗೆ ಆ ಕಟ್ಟು ಇಲ್ಲ. ಹೀಗಾಗಿ ಪೊರೆಯ ಮೂಲಕ ಬಿಸಿಲಿಗೆ ಗಾಳಿ ಹೊರಗೆ, ತಂಪಿಗೆ ಗಾಳಿ ಒಳಗೆ, ನೀರಿಗೆ ಪ್ರವೇಶವಿಲ್ಲ. ಎಣ್ಣೆ, ಉಪ್ಪಿನ ಕರೆ, ಮೈಗೆ ಹಚ್ಚುವ ಕ್ರೀಮು ಮೆತ್ತಿಕೊಂಡರೆ ಮಾತ್ರ ಮೂಗು ಕಟ್ಟುತ್ತದೆ. ಸಿಹಿನೀರಿನಲ್ಲಿ ತೊಳೆದಿಡಬೇಕು, ಹಳೆಯದಾದರೆ ಬದಲಿಸಬೇಕು. ಗಾಳಿ ತುಂಬಿ ಉಬ್ಬಿಸುವ ಹಲಗೆಗಳಿಗೆ ಮಾತ್ರ ಈ ಬಿರಡೆಯ ಮಾತು ಅನ್ವಯಿಸದು. ಅವು ಒತ್ತಡದಿಂದಲೇ ಗಟ್ಟಿಯಾಗಿ ನಿಲ್ಲುವಂಥವು. ಬಿಸಿಲಿನಲ್ಲಿಡುವಾಗ ಒಂದಿಷ್ಟು ಗಾಳಿ ಬಿಟ್ಟರೆ ಸರಿ.

ನಮ್ಮ ಹುಡುಗನ ಹಲಗೆ ಬದುಕಿತು. ಅಂಟನ್ನು ಕೆರೆದು ತೂತು ಬಿಡಿಸಿದಾಗ ಸಣ್ಣಗೆ ‘ಸುಂಯ್’ ಎಂದು ಗಾಳಿ ಹೊರಟಿತು. ಗುಳ್ಳೆಯ ಜಾಗದಲ್ಲಿ ಎರಡು ಸಣ್ಣ ರಂಧ್ರ ಕೊರೆದು, ಒಂದರಿಂದ ಎಪಾಕ್ಸಿ ತುಂಬಿ, ಇನ್ನೊಂದರಿಂದ ಗಾಳಿಯನ್ನು ಹೊರಗೆ ಬಿಟ್ಟು, ಮೇಲೆ ತೂಕ ಹೇರಿ ಕೂರಿಸಿದರು. ಎರಡನೆಯ ರಂಧ್ರ ಬೇಕೆಂದು ಹೇಳಿದವರು ಯಾರೆಂಬುದನ್ನು ಓದುಗರು ಊಹಿಸಬಲ್ಲರು.

ಆದರೆ ಆ ಹಿರಿಯರಂಥವರು ಎಷ್ಟು ದಿನ ಸಿಕ್ಕಾರು? ಭದ್ರಾವತಿಯ ಕಾರ್ಖಾನೆ ಇದ್ದಿಲಿನಿಂದ ವಿದ್ಯುತ್ತಿಗೆ ತಿರುಗಿತು. ೧೯೫೨ರಲ್ಲಿ ಜೋಗದ ವಿದ್ಯುತ್ತಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳು ಅಲ್ಲಿ ಬಂದವು. ೧೯೬೨ರಲ್ಲಿ ಕಂಪನಿಯಾಯಿತು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತಿತು, ೧೯೮೯ರಲ್ಲಿ ಉಕ್ಕು ಪ್ರಾಧಿಕಾರದ ಕೈಸೇರಿ ೧೯೯೮ರಲ್ಲಿ ಅದರಲ್ಲಿ ಲೀನವಾಯಿತು. ಮೊದಲ ಕುಲುಮೆಗೆ ಸರಿಯಾಗಿ ನೂರು ತುಂಬಿದ ೨೦೨೩ರ ಜನವರಿಯಲ್ಲಿ, ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು, ಕಾರ್ಮಿಕರು ಹೋರಾಟಕ್ಕಿಳಿದರು. ಶಿವಮೊಗ್ಗದ ಸುತ್ತ, ಮಾಚೇನಹಳ್ಳಿಯ ಕಡೆ, ಎರಕದ ಕಾರ್ಖಾನೆಗಳು ಇವೆ. ಅಲ್ಲಿ ಯಂತ್ರಗಳು ಅಚ್ಚು ಒತ್ತುತ್ತವೆ. ಗಾಳಿಯ ದಾರಿಯನ್ನು ಈಗ ಕಂಪ್ಯೂಟರಿನಲ್ಲೂ ಲೆಕ್ಕ ಹಾಕಬಹುದು. ಅದು ಒಳ್ಳೆಯದೇ, ಅದಕ್ಕಾಗಿ ನಾನು ಕೊರಗುವುದಿಲ್ಲ.

ಕೊರಗು ಬೇರೆ. ಕಾರ್ಖಾನೆಯ ಚರಿತ್ರೆ ಬರೆಯುವವರಿಗೆ ಎಷ್ಟು ಟನ್ನು ಕಬ್ಬಿಣ, ಎಷ್ಟು ಲಕ್ಷ ರೂಪಾಯಿ, ಯಾರು ಅಧ್ಯಕ್ಷರು ಎಂಬುದು ಕಡತಗಳಲ್ಲಿ ಸಿಕ್ಕುತ್ತದೆ. ಇಷ್ಟು ಗಾತ್ರದ ಅಚ್ಚಿಗೆ ಎಷ್ಟು ಚುಚ್ಚು, ಯಾವ ಮರಳಿಗೆ ಎಷ್ಟು ಆಳ, ತಂತಿ ಎಲ್ಲಿ ನಿಲ್ಲಬೇಕು ಎಂಬುದು ಕಡತದಲ್ಲಿ ಇಲ್ಲ; ಭದ್ರಾವತಿಯ ಹಳೆಯ ಬಡಾವಣೆಗಳಲ್ಲಿ, ಜಗಲಿಯ ಮೇಲೆ ಕೂತು ಪೇಪರು ಓದುವ ಕೆಲವು ಮುದುಕರ ಬೆರಳುಗಳಲ್ಲಿ ಇದೆ. ಮೂಗು ಮುಚ್ಚಿದ ಹಲಗೆಯನ್ನು ಕಂಡು ಒಬ್ಬರ ಕೈ ತಾನಾಗಿ ಬಿರಡೆಯನ್ನು ಹುಡುಕಿಕೊಂಡು ಹೋದದ್ದು ಆ ವಿದ್ಯೆಯಿಂದ. ಯಾರಾದರೂ ತರುಣರು ಒಂದು ನೋಟ್‌ಬುಕ್ಕು ಹಿಡಿದು, ಸಂಜೆಯ ಹೊತ್ತು ಅವರ ಬಳಿ ಹೋಗಿ ಕೂತು ಬರೆದುಕೊಂಡರೆ, ಆ ನೂರು ವರ್ಷಗಳ ಚರಿತ್ರೆಯಲ್ಲಿ ಎರಡನೆಯ ತೂತಿಗೂ ಒಂದು ಪುಟ ಸಿಕ್ಕೀತು.